ಲಾಭ 5 ಕೋಟಿ ದಾಟಿತು: ಇಟಿಪಿ, ರಸ್ತೆ, ಬ್ರಹ್ಮಕಲಶ, ಶಾಲೆ – ಸಿಎಸ್‌ಆರ್‌ನಲ್ಲಿ ಯಾವುದು ಆಗ್ತದೆ?

ಬೈಕಂಪಾಡಿ ಘಟಕ:
ನಮ್ಮದು ಮಂಗಳೂರಿನ ಬೈಕಂಪಾಡಿಯಲ್ಲಿ ಮೀನು ಸಂಸ್ಕರಣೆ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ. ತೆರಿಗೆಗೆ ಮೊದಲಿನ ಲಾಭ 2022-23ರಲ್ಲಿ 3.6 ಕೋಟಿ, 2023-24ರಲ್ಲಿ 4.5 ಕೋಟಿ, 2024-25ರಲ್ಲಿ 6.3 ಕೋಟಿ. ಈ ವರ್ಷ ಸಿಎಸ್‌ಆರ್ (ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಕಡ್ಡಾಯ) ಲಾಗು ಅಂತ ಆಡಿಟರ್ ಹೇಳಿದ್ದಾರೆ. ಸುದ್ದಿ ಹೊರಗೆ ಹೋದದ್ದೇ ತಡ, ಬೇಡಿಕೆ ಶುರು. ದೇವಸ್ಥಾನದ ಬ್ರಹ್ಮಕಲಶೋತ್ಸವ, ಕಂಬಳದ ಬಹುಮಾನ, ಜನಪ್ರತಿನಿಧಿಯೊಬ್ಬರ ಪತ್ರದಲ್ಲಿ ನಮ್ಮ ಗೇಟಿನ ಎದುರಿನ ರಸ್ತೆಗೆ ಕಾಂಕ್ರೀಟ್, ಹತ್ತಿರದ ಸರ್ಕಾರಿ ಶಾಲೆಗೆ ಶೌಚಾಲಯ. ಒಂದು ಟ್ರಸ್ಟಿನವರು "ಪೂರ್ತಿ ಮೊತ್ತಕ್ಕೆ ರಶೀದಿ ಕೊಡ್ತೇವೆ, ಅರ್ಧ ನಗದು ವಾಪಸ್" ಅಂದರು. ಇನ್ನೊಂದು ವಿಷಯ: ನಮ್ಮ ಇಟಿಪಿ (ಕೊಳಕು ನೀರು ಶುದ್ಧ ಮಾಡುವ ಘಟಕ) ಹಳೆಯದು, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬಂದಿದೆ. ಅದನ್ನು ಸರಿಮಾಡಿದರೆ ಊರಿಗೇ ವಾಸನೆ ಕಡಿಮೆ ಆಗ್ತದಲ್ಲ, ಆ ಖರ್ಚನ್ನು ಸಿಎಸ್‌ಆರ್‌ನಲ್ಲಿ ತೋರಿಸಬಹುದಾ?

ಲೆಕ್ಕದ ಭಟ್ರು:
ಮೊದಲು ಲೆಕ್ಕ. ಕಂಪನಿ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ ಹಿಂದಿನ ವರ್ಷದ ನಿವ್ವಳ ಲಾಭ 5 ಕೋಟಿ, ವಹಿವಾಟು 1000 ಕೋಟಿ, ನೆಟ್‌ವರ್ತ್ (ಸಾಲ ಕಳೆದು ಉಳಿಯುವ ಆಸ್ತಿ) 500 ಕೋಟಿ – ಈ ಮೂರರಲ್ಲಿ ಒಂದನ್ನು ಮುಟ್ಟಿದರೂ ಸಾಕು. ಖರ್ಚು ಮಾಡಬೇಕಾದ್ದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2. ನಿಮ್ಮ ಸರಾಸರಿ 4.8 ಕೋಟಿ, ಹಾಗಾಗಿ 9.6 ಲಕ್ಷ. ಲಾಭವನ್ನು ಅದೇ ಕಾಯ್ದೆಯ 198ನೇ ಕಲಮಿನಂತೆ ತೆಗೆಯಬೇಕು, ಬ್ಯಾಲೆನ್ಸ್ ಶೀಟಿನ ಅಂಕಿ ಸ್ವಲ್ಪ ಆಚೀಚೆ ಆಗಬಹುದು. 50 ಲಕ್ಷಕ್ಕಿಂತ ಕಡಿಮೆ ಇರುವುದರಿಂದ, ಹಣವನ್ನು ಮುಂದಿನ ವರ್ಷಕ್ಕೆ ಪ್ರತ್ಯೇಕ ಖಾತೆಯಲ್ಲಿ ಉಳಿಸಿಕೊಳ್ಳದಿದ್ದರೆ ಬೇರೆ ಸಿಎಸ್‌ಆರ್ ಸಮಿತಿ ಬೇಡ, ನಿರ್ದೇಶಕರ ಮಂಡಳಿಯೇ ನಿರ್ಣಯ ಮಾಡಿದರೆ ಆಯ್ತು.

ಇದು ಕಂಪನಿಗಳಿಗೆ ಮಾತ್ರ. ಪಕ್ಕದ ಪಾಲುದಾರಿಕೆ ಸಂಸ್ಥೆಯವರು ಹತ್ತು ಕೋಟಿ ಲಾಭ ಮಾಡಿದರೂ ಅವರಿಗೆ ಈ ಕಲಮು ತಾಗುವುದಿಲ್ಲ. ನ್ಯಾಯವಾ ಅಂತ ಕೇಳಬೇಡಿ.

ಇಟಿಪಿ ಆಗುವುದಿಲ್ಲ. ಕಾನೂನು ಮೊದಲೇ ಹೇರಿದ ಕರ್ತವ್ಯಕ್ಕೆ ಮಾಡಿದ ಖರ್ಚು ಸಿಎಸ್‌ಆರ್ ಅಲ್ಲ ಅಂತ ನಿಯಮದಲ್ಲೇ ಉಂಟು. 1974ರ ಜಲ ಕಾಯ್ದೆಯಡಿ ಸಮ್ಮತಿಪತ್ರ ತೆಗೆದುಕೊಂಡ ದಿನವೇ ಅದು ನಿಮ್ಮ ಹೊಣೆ. ಕಂಬಳದ ಬಹುಮಾನವೂ ಆಗುವುದಿಲ್ಲ. ಗ್ರಾಮೀಣ ಕ್ರೀಡೆಯ ತರಬೇತಿಗೆ ಅವಕಾಶ ಇದೆ, ಒಂದು ದಿನದ ಕೂಟದ ಪ್ರಾಯೋಜಕತ್ವಕ್ಕೆ ಇಲ್ಲ. ಯಕ್ಷಗಾನಕ್ಕೂ ಹಾಗೆಯೇ: ಮಕ್ಕಳಿಗೆ ವರ್ಷವಿಡೀ ಹೆಜ್ಜೆ, ಚೆಂಡೆ ಕಲಿಸುವ ಕೇಂದ್ರಕ್ಕೆ ಕೊಡಬಹುದು, ಕಂಪನಿಯ ಬ್ಯಾನರ್ ಕಟ್ಟಿ ಒಂದು ರಾತ್ರಿ ಆಟ ಆಡಿಸಿದರೆ ಅದು ಜಾಹೀರಾತು. ಬ್ರಹ್ಮಕಲಶ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ (ಸಿಎಸ್‌ಆರ್‌ಗೆ ಒಪ್ಪುವ ಕೆಲಸಗಳ ಪಟ್ಟಿ) ಇಲ್ಲ, ಮನಸ್ಸಿದ್ದರೆ ಸ್ವಂತ ಕಿಸೆಯಿಂದ ಕೊಡಿ.

ಟ್ರಸ್ಟಿನವರಿಗೆ ಕೈ ಮುಗಿದು ಕಳಿಸಿಬಿಡಿ. ಕೊಟ್ಟ ಹಣ ಅದೇ ಉದ್ದೇಶಕ್ಕೆ ಬಳಕೆ ಆಗಿದೆ ಅಂತ ನಿಮ್ಮ ಹಣಕಾಸು ಮುಖ್ಯಸ್ಥರು ಸಹಿ ಹಾಕಬೇಕು. ಅರ್ಧ ವಾಪಸ್ ಬಂದ ಮೇಲೆ ಆ ಸಹಿ ಸುಳ್ಳು ಹೇಳಿಕೆ, ಅಲ್ಲಿಂದ 447ನೇ ಕಲಮಿನ ವಂಚನೆಗೆ ದೂರ ಇಲ್ಲ. ಯಾವುದೇ ಸಂಸ್ಥೆಯ ಮೂಲಕ ಮಾಡುವುದಾದರೆ ಸಿಎಸ್‌ಆರ್-1 ನೋಂದಣಿ ಸಂಖ್ಯೆ, ಆದಾಯ ತೆರಿಗೆಯ 12ಎ ಮತ್ತು 80ಜಿ ಪತ್ರ, ಮೂರು ವರ್ಷ ಕೆಲಸ ಮಾಡಿದ ದಾಖಲೆ ಮೊದಲು ಕೇಳಿ.

ಕಡಲತಡಿ:
ಇಟಿಪಿ ಬಗ್ಗೆ ಒಂದು ಮಾತು. ಮೀನು ತೊಳೆದ ನೀರಿನಲ್ಲಿ ರಕ್ತ, ಎಣ್ಣೆ, ಪ್ರೋಟೀನ್ ತುಂಬಾ. ಹೆಚ್ಚಿನ ಕಡೆ ವಾಸನೆ ಶುರುವಾಗುವುದು ಗಾಳಿ ಊದಿ ಬ್ಯಾಕ್ಟೀರಿಯಾದಿಂದ ನೀರು ಶುದ್ಧ ಮಾಡುವ ಏರಿಯೇಶನ್ ತೊಟ್ಟಿಯಲ್ಲಲ್ಲ, ಅದಕ್ಕೂ ಮೊದಲು ನೀರು ಸೇರಿಸಿಡುವ ಈಕ್ವಲೈಸೇಶನ್ ತೊಟ್ಟಿಯಲ್ಲಿ. ಭಾನುವಾರ ಅಥವಾ ಕರೆಂಟ್ ಹೋದಾಗ ಗಾಳಿ ಊದುವ ಬ್ಲೋವರ್ ನಿಂತರೆ ಗಾಳಿಯಿಲ್ಲದ ನೀರು ಕೊಳೆತು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರ್ತದೆ. ಬ್ಲೋವರನ್ನು ಜನರೇಟರಿಗೆ ಜೋಡಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗೀತದೆ. ಎರಡನೆಯದು ಉಪ್ಪು: ಬ್ರೈನ್ (ಉಪ್ಪುನೀರು) ಟ್ಯಾಂಕನ್ನು ಒಮ್ಮೆಲೇ ಖಾಲಿ ಮಾಡಿದರೆ ಏರಿಯೇಶನ್‌ನ ಬ್ಯಾಕ್ಟೀರಿಯಾ ಸಾಯ್ತವೆ, ಮತ್ತೆ ಚೇತರಿಸಿಕೊಳ್ಳಲು ದಿನಗಟ್ಟಲೆ ಬೇಕು. ಸ್ವಲ್ಪ ಸ್ವಲ್ಪವೇ ಬಿಡಿ. ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆದರೂ ಇರಲಿ. ನದಿ, ತೋಡಿಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ ಬಿಒಡಿ (ನೀರಿನ ಕೊಳೆ ಕರಗಲು ಬೇಕಾಗುವ ಆಮ್ಲಜನಕ) 30, ಎಣ್ಣೆ-ಜಿಡ್ಡು 10 ಮಿಲಿಗ್ರಾಂ, ನಿಮ್ಮ ಸಮ್ಮತಿಪತ್ರದಲ್ಲಿ ಇನ್ನೂ ಬಿಗಿ ಷರತ್ತು ಇದ್ದರೆ ಅದೇ ಅಂತಿಮ.

ಮಳೆಗಾಲದ ರಾತ್ರಿ ಬೈಪಾಸ್ ವಾಲ್ವ್ ತೆರೆದು ಶುದ್ಧ ಮಾಡದ ನೀರನ್ನು ಫಲ್ಗುಣಿ ನದಿಗೆ ಬಿಟ್ಟು, ಹಗಲಲ್ಲಿ ಶಾಲೆಗೆ ಬೆಂಚು ಕೊಟ್ಟು ಫೋಟೋ ತೆಗೆಸಿಕೊಂಡರೆ ಊರವರಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ ಮಾರಾಯ್ರೆ. ಮೂಗು ಎಲ್ಲರಿಗೂ ಉಂಟು.

ಉಡುಪಿ ವ್ಯಾಪಾರಿ:
ರಸ್ತೆ, ಶಾಲೆ ಸರ್ಕಾರದ ಕೆಲಸ. ತೆರಿಗೆ ಕಟ್ಟಿದ ಮೇಲೆ ಮತ್ತೆ ಶೇ. 2 ಎಂತಕ್ಕೆ? ಈ ಊರಲ್ಲಿ ಕಾನೂನು ಇಲ್ಲದ ಕಾಲದಲ್ಲೇ ಶಾಲೆ, ಆಸ್ಪತ್ರೆ ಕಟ್ಟಿದವರು ವ್ಯಾಪಾರಸ್ಥರೇ ಅಲ್ವಾ. ಕಡ್ಡಾಯ ಮಾಡಿದ ಮೇಲೆ ಪತ್ರ ಹಿಡಿದು ಬರುವವರು ಜಾಸ್ತಿ ಆದರು, ಅಷ್ಟೇ.

ಲೆಕ್ಕದ ಭಟ್ರು:
ನಿಮ್ಮ ಸಿಟ್ಟು ಅರ್ಧ ಸರಿ. 2014ರಿಂದ ಖರ್ಚು ಮಾಡದಿದ್ದರೆ ಕಾರಣ ಬರೆದರೆ ಸಾಕಿತ್ತು. 2021ರ ಜನವರಿ 22ರಿಂದ ಆ ದಾರಿ ಮುಚ್ಚಿತು, ಈಗ ಖರ್ಚು ಮಾಡದ ಹಣ ಸೆಪ್ಟೆಂಬರ್ 30ರೊಳಗೆ ಏಳನೇ ಶೆಡ್ಯೂಲಿನಲ್ಲಿ ಹೆಸರಿಸಿದ ನಿಧಿಗೆ ಹೋಗಬೇಕು. ತಪ್ಪಿದರೆ ಕಂಪನಿಗೆ ದುಪ್ಪಟ್ಟು ದಂಡ, ಗರಿಷ್ಠ 1 ಕೋಟಿ. ಈ ಪ್ರಕರಣದಲ್ಲಿ 19.2 ಲಕ್ಷ, ಹೊಣೆ ಇರುವ ಪ್ರತಿ ಅಧಿಕಾರಿಗೆ ಬೇರೆ 96,000.

ಆದರೆ ಎಲ್ಲಿ ಖರ್ಚು ಮಾಡಬೇಕು ಅಂತ ಹೇಳುವ ಅಧಿಕಾರ ಸರ್ಕಾರಕ್ಕಿಲ್ಲ. ಅದು ನಿರ್ದೇಶಕರ ಮಂಡಳಿಯ ತೀರ್ಮಾನ. ಜನಪ್ರತಿನಿಧಿಯ ಪತ್ರ ವಿನಂತಿ, ಆದೇಶ ಅಲ್ಲ. ಗೇಟಿನ ಎದುರಿನ ರಸ್ತೆಯಲ್ಲಿ ಓಡುವುದು ನಿಮ್ಮದೇ ಲಾರಿ, ಮೇಲಾಗಿ ಬೈಕಂಪಾಡಿ ಪಾಲಿಕೆ ವ್ಯಾಪ್ತಿ, ಗ್ರಾಮೀಣಾಭಿವೃದ್ಧಿ ಅಂತಲೂ ಹೇಳಲಾಗದು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟರೆ ಸಿಎಸ್‌ಆರ್ ಅಲ್ಲ, ಪ್ರಧಾನಮಂತ್ರಿ ನಿಧಿಗೆ ಕೊಟ್ಟರೆ ಹೌದು. ಇದರ ತರ್ಕ ದೆಹಲಿಯವರೇ ಹೇಳಬೇಕು.

ಬೈಕಂಪಾಡಿ ಘಟಕ:
ಹಾಗಾದರೆ ಶೌಚಾಲಯವೇ ಸರಿ. 9.6 ಲಕ್ಷ ಪೂರ್ತಿ ಕಟ್ಟಡಕ್ಕೇ ಹಾಕುವುದಾ? ತೆರಿಗೆಯಲ್ಲಿ ಏನಾದರೂ ಕಳೆಯಲಿಕ್ಕೆ ಆಗ್ತದಾ?

ಮುರಕಲ್ಲು:
ಪೂರ್ತಿ ಹಾಕಬೇಡಿ. ದಾನದ ಶೌಚಾಲಯಗಳಿಗೆ ಎರಡನೇ ವರ್ಷ ಬೀಗ ಬೀಳುವುದು ಗೋಡೆ ಬಿರಿದು ಅಲ್ಲ, ನೀರಿಲ್ಲದೆ, ತೊಳೆಯುವವರಿಲ್ಲದೆ. 6.6 ಲಕ್ಷಕ್ಕೆ ಕಟ್ಟಿ, ಉಳಿದ 3 ಲಕ್ಷವನ್ನು ವರ್ಷಕ್ಕೆ ಒಂದು ಲಕ್ಷದಂತೆ ಮೂರು ವರ್ಷ ಸ್ವಚ್ಛತೆ, ರಿಪೇರಿಗೆ ಇಡಿ. ಇದನ್ನು ಬಹುವರ್ಷದ ಯೋಜನೆ ಅಂತ ಮಾರ್ಚ್ 31ರ ಮೊದಲೇ ನಿರ್ಣಯ ಮಾಡಿ, ಖರ್ಚಾಗದ 3 ಲಕ್ಷವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ 'ಅನ್‌ಸ್ಪೆಂಟ್ ಸಿಎಸ್‌ಆರ್' ಖಾತೆಗೆ ಹಾಕಿ. ಆ ಖಾತೆಯಲ್ಲಿ ಹಣ ಇದ್ದರೆ ಸಿಎಸ್‌ಆರ್ ಸಮಿತಿಯೂ ಬೇಕು. ನಿರ್ಣಯ ತಡವಾದರೆ ಆ ಹಣ ನಿಧಿಗೇ ಹೋಗಬೇಕು, ಶಾಲೆಗೆ ಸಿಗುವುದಿಲ್ಲ.

ಬಾಗಿಲಿಗೆ ಪ್ಲೈವುಡ್ ಬೇಡ, ಆಷಾಢದಲ್ಲಿ ಉಬ್ಬಿ ಚಿಲಕ ಕೂರುವುದಿಲ್ಲ. ಎಫ್‌ಆರ್‌ಪಿ (ಫೈಬರ್) ಹಾಕಿ. ಉಪ್ಪು ಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ತುಕ್ಕು ಹಿಡೀತದೆ, ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸಾಕು. ನಮ್ಮ ನೆಲದ ಮುರಕಲ್ಲಿನ (ಜಂಬಿಟ್ಟಿಗೆ) ಸಂದಿಯಲ್ಲಿ ಕೊಳಕು ನೀರು ಬೇಗ ಹರಿಯುವುದರಿಂದ ಇಂಗುಗುಂಡಿ ಬಾವಿಯಿಂದ ತಗ್ಗಿನ ಬದಿಗಿರಲಿ, 15 ಮೀಟರಿಗಿಂತ ಹೆಚ್ಚೇ ದೂರ ಇಡಿ. ಜುಲೈಯಲ್ಲಿ ಅಂತರ್ಜಲ ಮೇಲೆ ಬಂದು ಗುಂಡಿ ತುಂಬ್ತದೆ, ಮುಚ್ಚಳ ನೆಲಕ್ಕಿಂತ ಎತ್ತರದಲ್ಲಿ ಬೇಕು. ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗ್ತದಾ ಅಂತ ಅಡುಗೆಯವರನ್ನು ಕೇಳಿ, ಅವರಿಗೆ ಗೊತ್ತಿರ್ತದೆ.

ಲೆಕ್ಕದ ಭಟ್ರು:
ತೆರಿಗೆಗೆ ಉತ್ತರ: ಸಿಎಸ್‌ಆರ್ ಖರ್ಚು ವ್ಯಾಪಾರದ ಖರ್ಚು ಅಲ್ಲ ಅಂತ ಆದಾಯ ತೆರಿಗೆ ಕಾನೂನು ನೇರವಾಗಿ ಹೇಳ್ತದೆ, ಕಳೆಯಲಿಕ್ಕೆ ಬರುವುದಿಲ್ಲ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ನಮ್ಮ ಜಿಎಸ್‌ಟಿಯಲ್ಲಿ ಕಳೆಯುವುದು) ಕೂಡ ಇಲ್ಲ. ಕಾಂಟ್ರಾಕ್ಟರ್‌ಗೆ 6.6 ಲಕ್ಷ ಅಂದರೆ ಶೇ. 18 ಜಿಎಸ್‌ಟಿ ಸೇರಿಯೇ 6.6 ಲಕ್ಷ ಅಂತ ಮೊದಲೇ ಬರೆಸಿಕೊಳ್ಳಿ, ಇಲ್ಲದಿದ್ದರೆ ಕೊನೆಗೆ 1.19 ಲಕ್ಷ ಹೆಚ್ಚು ಬಿಲ್ಲು ಬಂದು ಸ್ವಚ್ಛತೆಯ ಹಣಕ್ಕೇ ಕೈ ಹಾಕಬೇಕಾದೀತು. ಶಾಲೆ ಜಾಗದಲ್ಲಿ ಕಟ್ಟಿದ ಆಸ್ತಿ ಸರ್ಕಾರದ್ದೇ ಆಗಬೇಕು, ಹಾಗಾಗಿ ಕೆಲಸ ಶುರುವಾಗುವ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ, ಮುಗಿದ ಮೇಲೆ ಹಸ್ತಾಂತರ ಪತ್ರ. ಎರಡೂ ಕೈಯಲ್ಲಿದ್ದ ಮೇಲೆ ಕೊನೆಯ ಕಂತು ಕೊಡಿ.