ಐಯೋನಿಯೋಸ್ ಅಂದ್ರೆ ನಿತ್ಯಾನಾ, ಬರೀ ಒಂದು ಯುಗಾನಾ? ಕ್ಲಾಸ್ ತಗೊಂಡವ್ರು ಹೇಳಿ

ಪ್ರಶ್ನೆ: ಈ ಭಾನುವಾರ ಸಭೆಲಿ ಯೂತ್ಸ್‌ಗೆ ಬೈಬಲ್‌ನ ಮತ್ತಾಯ 25 ಹೇಳ್ಬೇಕು. ಒಬ್ಬ ಹುಡುಗ ಯಾವ್ದೋ ವಿಡಿಯೋ ನೋಡ್ಕೊಂಡು ಬಂದು, 46ನೇ ವಾಕ್ಯದಲ್ಲಿ ‘ನಿತ್ಯ ಶಿಕ್ಷೆ’ ಅನ್ನೋ ಕಡೆ ಮೂಲ ಗ್ರೀಕಲ್ಲಿರೋದು ಐಯೋನಿಯೋಸ್, ಅದು ನಿತ್ಯ ಅಲ್ಲ ‘ಯುಗದ್ದು’ ಅಂತ ಅಷ್ಟೇ, ನರಕ ಒಂದಿನ ಮುಗಿಯತ್ತೆ ಅಂತ ಕೂತಿದಾನೆ. ನಂಗೆ ಗ್ರೀಕ್ ಬರಲ್ಲ. ನೀವೆಲ್ಲ ಏನ್ ಮಾಡಿದ್ರಿ?

– ಬ್ರದರ್, ಅವನ ಬಾಯಿ ಮುಚ್ಚಿಸೋಕೆ ಹೋಗ್ಬೇಡಿ, ಅರ್ಧ ಸರಿಯಾಗೇ ಹೇಳಿದಾನೆ. ಆ ಪದದ ಮೂಲ ಐಯೋನ್, ಅದಕ್ಕೆ ಯುಗ, ಆಯುಷ್ಯ ಎಲ್ಲಾ ಅರ್ಥ ಆಗತ್ತೆ, ಮತ್ತಾಯ 13:39ರಲ್ಲಿ ‘ಯುಗದ ಸಮಾಪ್ತಿ’ ಅಂತ ಬರತ್ತಲ್ಲ, ಅಲ್ಲಿರೋದೂ ಅದೇ. ನಮ್ ಗ್ರೂಪಲ್ಲಿ ನಾನು ರೋಮಾಪುರದವರಿಗೆ 16:25, 26 ಎರಡೂ ಬೋರ್ಡ್ ಮೇಲೆ ಬರೆದೆ. 25ರಲ್ಲಿ ದೇವರ ಗುಟ್ಟು ಮುಚ್ಚಿಟ್ಟಿದ್ದ ಕಾಲಕ್ಕೆ ಐಯೋನಿಯೋಸ್ ಅಂತಾನೆ ಪೌಲ, ಆದ್ರೆ ಆ ಕಾಲ ಮುಗ್ದೋಯ್ತು, ಗುಟ್ಟು ಈಗ ಬಯಲಾಗಿದೆ ಅಂತ್ಲೂ ಅವನೇ ಹೇಳ್ತಾನೆ, ಅದರ ಬೆನ್ನಿಗೇ 26ರಲ್ಲಿ ದೇವರಿಗೂ ಅದೇ ಪದ. ಆಮೇಲೆ ನಾನು ಮಾತಾಡೋದೇ ಬೇಕಾಗ್ಲಿಲ್ಲ, ಹುಡುಗರೇ ಕಿತ್ತಾಡ್ಕೊಂಡ್ರು 😄

– ಅದೆಲ್ಲ ಸರಿ ಸರ್, ಆದ್ರೆ 25:46ರಲ್ಲಿ ಜೀವಕ್ಕೂ ಶಿಕ್ಷೆಗೂ ಒಂದೇ ವಾಕ್ಯದಲ್ಲಿ ಅದೇ ಪದ ಇದೆ. ಶಿಕ್ಷೆ ಮುಗಿಯತ್ತೆ ಜೀವ ಮುಗಿಯಲ್ಲ ಅಂದ್ರೆ ಹೇಗೆ? 5ನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಆಗಸ್ಟೀನ್ ಎತ್ತಿದ ಪಾಯಿಂಟ್ ಇದು. ನಂಗಿದೇ ಗಟ್ಟಿ ಅನ್ಸತ್ತೆ.

– ಗಟ್ಟಿನೇ, ಆದ್ರೆ ಅದೊಂದೇ ಸಾಲಲ್ಲ, ಮೇಲಿನವ್ರು ಹೇಳಿದ ರೋಮಾಪುರದಲ್ಲೂ ಅಕ್ಕಪಕ್ಕದಲ್ಲೇ ಇದ್ದು ಅಳತೆ ಬೇರೆ ಆಯ್ತಲ್ವಾ. ಹಳೆ ಒಡಂಬಡಿಕೆಯ ಗ್ರೀಕ್ ಅನುವಾದ ಸೆಪ್ಟುವಜಿಂಟ್ ತೆಗೀರಿ. ಯೋನ 2ರಲ್ಲಿ, ಮೀನಿನ ಹೊಟ್ಟೇಲಿದ್ದ ಯೋನನನ್ನ ಒಳಗೆ ಹಾಕಿದ ಭೂಮಿಯ ಅಗುಳಿಗಳೂ ಐಯೋನಿಯೋಸ್, ಪುಣ್ಯಾತ್ಮ ಮೂರು ದಿನಕ್ಕೆ ಆಚೆ ಬಂದ! ಹಬಕ್ಕೂಕ 3:6ರಲ್ಲಿ ಬೆಟ್ಟಗಳೂ ಐಯೋನಿಯೋಸ್, ಅದೇ ವಾಕ್ಯದಲ್ಲಿ ಕರಗೂ ಹೋಗ್ತವೆ. ಇನ್ನು ಆ ಹುಡುಗ ‘ನಿಜವಾದ ನಿತ್ಯಕ್ಕೆ ಐದಿಯೋಸ್ ಅಂತ ಬೇರೆ ಪದ ಇದೆ’ ಅಂತ ಬಂದೇ ಬರ್ತಾನೆ (ರೋಮಾ 1:20), ಆಗ ಯೂದ 6 ಓದಿಸಿ, ಅಲ್ಲಿ ದೂತರ ಬೇಡಿಗೆ ಅದೇ ಐದಿಯೋಸ್, ಇರೋದು ಮಾತ್ರ ನ್ಯಾಯತೀರ್ಪಿನ ದಿನದವರೆಗೆ. ಅಂದ್ರೆ ಪದ ಒಂದನ್ನೇ ಹಿಡ್ಕೊಂಡು ನೀವೂ ಗೆಲ್ಲಲ್ಲ, ಅವನೂ ಗೆಲ್ಲಲ್ಲ. ಯಾವ್ದರ ಜೊತೆ ಬಂದಿದೆ ಅಂತ ಪ್ರತಿ ಸಲ ನೋಡ್ಲೇಬೇಕು.

– ನಾನು ಎರಡು ವರ್ಷ ಇದೇ ಅಧ್ಯಾಯ ತಗೊಂಡೆ, ಎರಡು ಸಲಾನೂ ಈ ಚರ್ಚೇಲೇ ಟೈಮ್ ಹೋಗಿ, ಹಸಿದವ್ರಿಗೆ ಊಟ, ಜೈಲಲ್ಲಿದ್ದವ್ರನ್ನ ನೋಡೋದು, ಆ ಭಾಗ ಹಾಗೇ ಉಳೀತು. 46ನ್ನ ಕೊನೇಗಿಡಿ ಬ್ರದರ್.

– ಥ್ಯಾಂಕ್ಸ್ ಎಲ್ರಿಗೂ. ಆ ಗ್ರೀಕ್ ಯೋನ ಫೋನಲ್ಲಿ ಸಿಗತ್ತಾ?

– ಸಿಗತ್ತೆ, ಸೆಪ್ಟುವಜಿಂಟ್ ಇಂಟರ್‌ಲೀನಿಯರ್ (ಪ್ರತಿ ಗ್ರೀಕ್ ಪದದ ಜೊತೆಗೇ ಅರ್ಥ ಇರೋದು) ಅಂತ ಹುಡುಕಿ. ಒಂದೊಂದು ಕಡೆ ವಾಕ್ಯದ ನಂಬರ್ ನಮ್ ಸತ್ಯವೇದಕ್ಕಿಂತ ಒಂದು ಮುಂದಿರತ್ತೆ, ಗಾಬರಿ ಬೀಳ್ಬೇಡಿ.