‘ಬೈ ಮಂಡೇ’ ಅಂದ್ರೆ ಸೋಮವಾರದ ತನಕವೋ, ಸೋಮವಾರದೊಳಗೋ?

ಪ್ರಶ್ನೆ: ‘ಸಬ್ಮಿಟ್ ಬೈ ಮಂಡೇ’ ಅಂತ ಮೇಲ್ ಬಂದಿದೆ. ಸೋಮವಾರ ಕೊಟ್ಟರೆ ತಡವಾಯಿತೇ? ‘ಅಂಟಿಲ್ ಮಂಡೇ’ ಅಂದರೂ ಇದೇ ಅರ್ಥವೇ?

ಉತ್ತರ 1: ಅಲ್ಲ. ‘ಬೈ’ ಅಂದರೆ ಒಳಗೆ, ‘ಅಂಟಿಲ್’ ಅಂದರೆ ತನಕ. ಕ್ರಿಯಾಪದ ನೋಡಿ: ಕೊಡುವುದು, ಮುಗಿಸುವುದು, ತಲುಪುವುದು ಒಮ್ಮೆಗೇ ಆಗಿಹೋಗುವಂಥವು, ಅಲ್ಲಿ ‘ಬೈ’. ಇರುವುದು, ಕಾಯುವುದು ಮುಂದುವರಿಯುವಂಥವು, ಅಲ್ಲಿ ‘ಅಂಟಿಲ್’. ‘ವೇಟ್ ಬೈ ಫೈವ್’ ತಪ್ಪು, ‘ವೇಟ್ ಅಂಟಿಲ್ ಫೈವ್’ ಸರಿ. ಸಾಮಾನ್ಯ ಬಳಕೆಯಲ್ಲಿ ಸೋಮವಾರವೂ ಗಡುವಿನೊಳಗೇ ಬರುತ್ತದೆ. ಆದರೆ ಎಷ್ಟು ಗಂಟೆ ಅಂತ ಮೇಲ್ ಹೇಳಿಲ್ಲ, ಕೇಳಿಬಿಡಿ. ಆ ದಿನವೂ ಸೇರುತ್ತದೋ ಇಲ್ಲವೋ ಎಂಬ ಗೊಂದಲ ಬೇಡವೆಂದೇ ಒಪ್ಪಂದಗಳಲ್ಲಿ ‘ಆನ್ ಆರ್ ಬಿಫೋರ್’ ಅಂತ ಬರೆಯುವುದು.

ಉತ್ತರ 2: ನಮ್ಮವರು ಹೆಚ್ಚು ಎಡವುವುದು ‘ವಿತಿನ್ ಮಂಡೇ’ ಅಂತ ಬರೆದು. ಕನ್ನಡದ ‘ಒಳಗೆ’ ಎರಡಕ್ಕೂ ಸಲ್ಲುತ್ತದೆ: ಸೋಮವಾರದೊಳಗೆ, 3 ದಿನದೊಳಗೆ. ಇಂಗ್ಲಿಷಿನಲ್ಲಿ ಗಡುವಿನ ದಿನಕ್ಕೆ ‘ಬೈ’, ಅವಧಿಗೆ ‘ವಿತಿನ್’. ‘ಬೈ ಮಂಡೇ’, ‘ವಿತಿನ್ ತ್ರೀ ಡೇಸ್’.

ಉತ್ತರ 3: ‘ಬೈ ದ ಟೈಮ್ ಯು ಕಮ್’ಗೆ ‘ಒಳಗೆ’ಗಿಂತ ‘ನೀನು ಬರೋ ಹೊತ್ತಿಗೆ’ ಚೆಂದ. ಅಲ್ಲಿ ‘ವಿಲ್ ಕಮ್’ ಬರೆಯಬೇಡಿ.

ಲೆಕ್ಕದಲ್ಲಂತೂ ‘ಬೈ’ ಬೇರೆಯೇ. 50 ರೂಪಾಯಿ ಬೆಲೆ ‘ಬೈ 60’ ಏರಿದರೆ 110, ‘ಟು 60’ ಏರಿದರೆ 60. ಕನ್ನಡದಲ್ಲಿ ‘60ರಷ್ಟು’, ‘60ಕ್ಕೆ’ ಅಂತ ಸ್ಪಷ್ಟವಾಗಿದೆ. ಅನುವಾದಿಸುವಾಗ ಇದನ್ನು ಅದಲುಬದಲು ಮಾಡಿದರೆ ಇಡೀ ಸುದ್ದಿಯೇ ತಪ್ಪಾಗುತ್ತದೆ.