ಹೊರಾಂಗಣ ಗೋಲಿಯತ್ ಕ್ರೇನಿಗೆ ಗಾಲಿ: ಆರ್ಡರ್ ಕೊಡುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ (ಜಿಗಣಿ, ಗ್ರಾನೈಟ್ ಯಾರ್ಡಿನ ನಿರ್ವಹಣೆ):
ಬ್ಲಾಕ್ ಎತ್ತಲು ನಮ್ಮಲ್ಲಿ 40 ಟನ್ನಿನ ಗೋಲಿಯತ್ ಕ್ರೇನ್ (ನೆಲದ ಹಳಿಯ ಮೇಲೆ ತನ್ನದೇ ಕಾಲುಗಳಲ್ಲಿ ಓಡುವ ಕ್ರೇನ್) ಇದೆ. ಸ್ಪ್ಯಾನ್ (ಎರಡು ಹಳಿಗಳ ನಡುವಿನ ಅಂತರ) 20 ಮೀಟರ್, ಬದಿಗೆ ಎರಡರಂತೆ ನಾಲ್ಕು ಗಾಲಿ, ವ್ಯಾಸ 500 ಮಿ.ಮೀ., ಓಟದ ವೇಗ ನಿಮಿಷಕ್ಕೆ 20 ಮೀಟರ್. ಬಿಸಿಲು, ಮಳೆ, ಕಲ್ಲಿನ ಪುಡಿ ಎಲ್ಲವೂ ಅದರ ಮೇಲೆಯೇ. ಫ್ಲಾಂಜುಗಳು (ಗಾಲಿ ಹಳಿಯಿಂದ ಜಾರದಂತೆ ತಡೆಯುವ ಅಂಚುಗಳು) ಸವೆದು ತೆಳುವಾಗಿವೆ, ಹಳಿಯ ಮೇಲೆ ಉರುಳುವ ಮೈಯಿಂದ ಚಕ್ಕೆ ಏಳುತ್ತಿದೆ. ಸರಬರಾಜುದಾರರು ಎಷ್ಟು ಟನ್, ಎಷ್ಟು ವ್ಯಾಸ ಎಂದಷ್ಟೇ ಕೇಳಿ ದರ ಹೇಳಿಬಿಡುತ್ತಾರೆ. ಹಳೆಯ ಅಳತೆಯಲ್ಲೇ ಮತ್ತೆ ಮಾಡಿಸಿದರೆ ಇದೇ ಗತಿಯಾಗುತ್ತದೆ ಎಂಬ ಭಯ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ (ಪೀಣ್ಯ, ಕ್ರೇನ್ ವಿನ್ಯಾಸ):
ಸರ್, ನಿಮ್ಮ ಭಯ ಸರಿಯಾಗಿಯೇ ಇದೆ. ಟನ್ ಮತ್ತು ವ್ಯಾಸ ಹೇಳಿದರೆ ಗಾಲಿ ನಿರ್ಧಾರವಾಗುವುದಿಲ್ಲ. ಅದು ಯಾವ ಹಳಿಯ ಮೇಲೆ ಓಡುತ್ತದೆ ಎಂಬುದು ಮೊದಲು ಗೊತ್ತಾಗಬೇಕು, ನೀವು ಅದನ್ನೇ ಬರೆದಿಲ್ಲ. ಸದ್ಯಕ್ಕೆ ಸಿಆರ್ 80 (ಕ್ರೇನಿಗೆಂದೇ ಮಾಡಿದ, ತಲೆ 80 ಮಿ.ಮೀ. ಅಗಲದ) ಹಳಿ ಎಂದುಕೊಂಡು ಲೆಕ್ಕ ಹಾಕುತ್ತೇನೆ. ತೂಕಗಳು ನನ್ನ ಊಹೆ, ನಿಮ್ಮ ಡ್ರಾಯಿಂಗಿನ ಅಂಕಿಗಳನ್ನು ಹಾಕಿಕೊಳ್ಳಿ.

ಕ್ರಾಬ್ (ಗರ್ಡರಿನ ಮೇಲೆ ಓಡಾಡಿ ಭಾರ ಎತ್ತುವ ಟ್ರಾಲಿ) 8 ಟನ್, ಉಳಿದ ಕ್ರೇನ್ 40 ಟನ್ ಇರಲಿ. ಕ್ರಾಬ್ ಭಾರ ಹೊತ್ತು ಒಂದು ತುದಿಗೆ ಬಂದಾಗ ಕ್ರಾಬ್ ಮತ್ತು ಭಾರ ಸೇರಿದ 48 ಟನ್ನಿನಲ್ಲಿ ಶೇ. 90 ಆ ಬದಿಗೆ ಬೀಳುತ್ತದೆ. ಆಗ ಅಲ್ಲಿನ ಒಂದೊಂದು ಗಾಲಿಗೆ 31.6 ಟನ್. ಭಾರವಿಲ್ಲದೆ ಕ್ರಾಬ್ ಆಚೆ ತುದಿಯಲ್ಲಿದ್ದರೆ 10.4 ಟನ್. ಯುರೋಪಿನ ಎಫ್‌ಇಎಂ 1.001 ನಿಯಮದಲ್ಲಿ ಗರಿಷ್ಠದ ಎರಡರಷ್ಟಕ್ಕೆ ಕನಿಷ್ಠವನ್ನು ಕೂಡಿಸಿ ಮೂರರಿಂದ ಭಾಗಿಸಬೇಕು, ಸರಾಸರಿ 24.5 ಟನ್, ಅಂದರೆ ಸುಮಾರು 240 ಕಿಲೋನ್ಯೂಟನ್. ಇದನ್ನು ಗಾಲಿಯ ವ್ಯಾಸ ಮತ್ತು ಹಳಿಯ ತಲೆಯ ಉಪಯುಕ್ತ ಅಗಲದ ಗುಣಲಬ್ಧದಿಂದ ಭಾಗಿಸಿ. ಅಂಚಿನ ದುಂಡು ಕಳೆದು ಆ ಅಗಲ 64 ಮಿ.ಮೀ. ಎಂದಿಟ್ಟುಕೊಂಡರೆ 500ರ ಗಾಲಿಗೆ ಬರುವ ಒತ್ತಡ ಚದರ ಮಿ.ಮೀ.ಗೆ 7.5 ನ್ಯೂಟನ್. ಕರ್ಷಣ ಬಲ ಚದರ ಮಿ.ಮೀ.ಗೆ 700 ನ್ಯೂಟನ್ ಇರುವ ಉಕ್ಕು, ಎಂ5 ದರ್ಜೆಯ (ಮಧ್ಯಮ ಬಳಕೆಯ) ಕೆಲಸ, ನಿಮ್ಮ ವೇಗ, ಇವುಗಳಿಗೆ ಮಿತಿ ಸುಮಾರು 7.2. ಅದೇ 630ರ ಗಾಲಿಗೆ ಒತ್ತಡ 6.0ಕ್ಕೆ ಇಳಿಯುತ್ತದೆ, ಮಿತಿ 7.3. ಅಂದರೆ 500 ಸಾಲದು, 630 ಸಾಕು. ಇದರ ಮೇಲೆ ಗಾಳಿಯ ಭಾರವನ್ನೂ ಸೇರಿಸಿ ನೋಡಬೇಕು. ಗಾಳಿ ಹಳಿಗೆ ಅಡ್ಡವಾಗಿ ಬೀಸಿದಾಗ ಒಂದು ಬದಿಯ ಕಾಲುಗಳು ಹೆಚ್ಚು ಹೊರೆ ಹೊರುತ್ತವೆ.

ಫ್ಲಾಂಜಿನ ನಡುವಿನ ಅಗಲವೂ ಆರ್ಡರಿನಲ್ಲಿ ಇರಲಿ. ಹಳಿ ನೆಲದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಮೇಲಿನ ಗರ್ಡರ್ ಮಾತ್ರ ಬಿಸಿಲಿಗೆ ಹಿಗ್ಗುತ್ತದೆ: 20 ಮೀಟರಿಗೆ 30 ಡಿಗ್ರಿ ಏರಿದರೆ 7 ಮಿ.ಮೀ. ಶೆಡ್ಡಿನೊಳಗಿನ ಕ್ರೇನಿನ ಸಡಿಲವನ್ನೇ ಇಲ್ಲಿಯೂ ಇಟ್ಟರೆ ಮಧ್ಯಾಹ್ನವಿಡೀ ಫ್ಲಾಂಜ್ ಹಳಿಗೆ ಉಜ್ಜುತ್ತಲೇ ಇರುತ್ತದೆ. ನಾವು ಹೊರಾಂಗಣಕ್ಕೆ ಹಳಿಯ ತಲೆಗಿಂತ 25ರಿಂದ 30 ಮಿ.ಮೀ. ಹೆಚ್ಚು ಅಗಲ ಕೊಡುತ್ತೇವೆ.

ಉತ್ತರ (ಇಳಕಲ್, ಗ್ರಾನೈಟ್ ಯಾರ್ಡ್):
ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಒಮ್ಮೆ ನೆಲದ ಮಟ್ಟಕ್ಕೆ ಬಗ್ಗಿ ನೋಡಿ. ಲಾರಿಗಳು ದಾಟಲೆಂದು ಹಳಿಯನ್ನು ಕಾಂಕ್ರೀಟಿನಲ್ಲಿ ಹೂತು ಪಕ್ಕಕ್ಕೆ ಫ್ಲಾಂಜ್ ಓಡಲು ಸಂದಿ ಬಿಟ್ಟಿರುತ್ತಾರಲ್ಲ, ಆ ಸಂದಿಯೊಳಗೆ ಕಲ್ಲು ಕೊಯ್ದಾಗ ಬರುವ ಕೆಸರು (ಸ್ಲರಿ) ಇಳಿದು ಒಣಗಿ ಕಲ್ಲಾಗುತ್ತದೆ. ಫ್ಲಾಂಜಿನ ತುದಿ ಅದರ ಮೇಲೆ ಹತ್ತಿದಾಗ ಗಾಲಿಯ ಮೈ ಹಳಿಯಿಂದ ಕೂದಲೆಳೆಯಷ್ಟು ಏಳುತ್ತದೆ, ಇಡೀ ಭಾರ ಫ್ಲಾಂಜಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಸಂದಿಯನ್ನು ಫ್ಲಾಂಜಿಗಿಂತ ಚೆನ್ನಾಗಿ ಆಳ ಮಾಡಿಸಿ, ಅಲ್ಲಲ್ಲಿ ನೀರು ಹೋಗಲು ದಾರಿ ಬಿಟ್ಟು, ಪ್ರತಿ ಗಾಲಿಯ ಮುಂದೆ ಹಳಿ ಗುಡಿಸುವ ಉಕ್ಕಿನ ಪಟ್ಟಿ ಕಟ್ಟಿದ ಮೇಲೆಯೇ ಫ್ಲಾಂಜುಗಳು ಉಳಿದವು. ಗ್ರಾನೈಟಿನ ಸ್ಫಟಿಕ ಶಿಲಾಪುಡಿ ಉಕ್ಕಿಗಿಂತ ಗಟ್ಟಿ, ಅದನ್ನು ಅರೆದುಕೊಂಡು ಓಡುವ ಗಾಲಿ ಎಷ್ಟು ದಿನ ಬಾಳೀತು?

ನಮ್ಮ ಕಡೆ ಎರೆಮಣ್ಣು, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಹಳಿ ಒಂದು ಕಡೆ ಕುಸಿದರೆ ನಾಲ್ಕು ಗಾಲಿಯ ಕ್ರೇನಿನಲ್ಲಿ ಒಂದು ಗಾಲಿ ಹಗುರವಾಗಿ, ಪಕ್ಕದ್ದು ಲೆಕ್ಕಕ್ಕಿಂತ ಹೆಚ್ಚು ಹೊರುತ್ತದೆ. ಜಿಗಣಿಯ ನೆಲ ಬೇರೆ ಇರಬಹುದು, ಆದರೂ ಲೆವೆಲ್ ಹಿಡಿದು ಹಳಿಯ ಏರುಪೇರು ನೋಡದೆ ಆರ್ಡರ್ ಕೊಡಬೇಡಿ.

ಉತ್ತರ (ಬೆಳಗಾವಿ, ಮಷಿನ್ ಶಾಪ್):
ಚಕ್ಕೆ ಏಳುತ್ತಿದೆ ಎಂದಿರಿ. ಹಳೆಯ ಗಾಲಿಯೊಂದನ್ನು ಕೊಯ್ಯಿಸಿ, ಮೇಲಿನಿಂದ ಒಳಗೆ ಎಷ್ಟು ಆಳಕ್ಕೆ ಹಾರ್ಡ್ ಆಗಿದೆ ಎಂದು ಅಳೆಯಿಸಿ. ಭಾರದ ಗಾಲಿಯಲ್ಲಿ ಪದರವನ್ನು ಜಾರಿಸಿ ಕತ್ತರಿಸುವ ಒತ್ತಡ (ಶಿಯರ್) ಅತಿ ಹೆಚ್ಚು ಇರುವುದು ಮೇಲ್ಮೈಯಲ್ಲಲ್ಲ, ಅದರ ಕೆಳಗೆ. ಎರಡು ಮೂರು ಮಿ.ಮೀ. ಮಾತ್ರ ಗಟ್ಟಿ ಮಾಡಿ ಒಳಗೆ ಮೆದು ಬಿಟ್ಟರೆ, ಹಳೆಯ ಗೋಡೆಯ ಸುಣ್ಣ ಕಳಚಿದಂತೆ ಪದರವೇ ಕಳಚುತ್ತದೆ. ಬಡಿದು ಮಾಡಿದ ಫೋರ್ಜಿಂಗ್ ಕೇಳಿ, 42ಸಿಆರ್‌ಎಂಒ4 ಎಂಬ ಕ್ರೋಮ್-ಮಾಲಿಬ್ಡಿನಮ್ ಉಕ್ಕಾದರೆ ಒಳ್ಳೆಯದು. ಮೈಯ ಗಡಸುತನ ಬ್ರಿನೆಲ್ ಅಳತೆಯಲ್ಲಿ 300ರಿಂದ 350 ಬಿಎಚ್‌ಎನ್, ಆ ಗಡಸು ಕನಿಷ್ಠ 10 ಮಿ.ಮೀ. ಆಳಕ್ಕೆ ಇರಬೇಕು ಎಂದು ಆರ್ಡರಿನಲ್ಲೇ ಬರೆಯಿರಿ. ಜೊತೆಗೆ ಅಲ್ಟ್ರಾಸಾನಿಕ್ ಪರೀಕ್ಷೆಯ ವರದಿ ಬೇಕೆನ್ನಿ. ಗಾಲಿ ಮೆದುವಿದ್ದರೆ ಹಳಿ ಉಳಿಯುತ್ತದೆ ಎನ್ನುವವರಿದ್ದಾರೆ. ಮೆದು ಗಾಲಿ ಸವೆದು ಆಕಾರ ಕೆಟ್ಟಾಗ ಹಳಿಯನ್ನೂ ಕೆಡಿಸುವುದನ್ನು ನಾನು ನೋಡಿದ್ದೇನೆ.

ಎರಡೂ ಬದಿಯ ಡ್ರೈವ್ ಗಾಲಿಗಳನ್ನು (ಮೋಟಾರ್ ತಿರುಗಿಸುವ ಗಾಲಿಗಳನ್ನು) ಜೋಡಿಯಾಗಿಯೇ ಬದಲಿಸಿ. 630ರ ವ್ಯಾಸದಲ್ಲಿ ಅರ್ಧ ಮಿ.ಮೀ. ವ್ಯತ್ಯಾಸವಿದ್ದರೂ 100 ಮೀಟರ್ ಓಡುವಷ್ಟರಲ್ಲಿ ಒಂದು ಬದಿ ಸುಮಾರು 8 ಸೆಂ.ಮೀ. ಹಿಂದೆ ಬೀಳಬೇಕು. ಬೀಳಲು ಫ್ಲಾಂಜ್ ಬಿಡುವುದಿಲ್ಲ, ಉಜ್ಜಿ ಉಜ್ಜಿ ಸವೆಯುತ್ತದೆ.

ಉತ್ತರ (ಮಂಗಳೂರು, ಬಂದರು ಕೆಲಸ):
ಮಳೆಯ ವಿಷಯ ಯಾರೂ ಹೇಳಲಿಲ್ಲ. ಒಣ ಹಳಿಗೆ ಘರ್ಷಣೆ 0.20 ಹಿಡಿದರೆ ಒದ್ದೆ ಹಳಿಗೆ 0.12 ಹಿಡಿಯುತ್ತಾರೆ. ಎದುರುಗಾಳಿಯಲ್ಲಿ ಒದ್ದೆ ಹಳಿಯ ಮೇಲೆ ಡ್ರೈವ್ ಗಾಲಿ ನಿಂತಲ್ಲೇ ತಿರುಗಿದರೆ ಹಳಿಯಲ್ಲಿ ಗುಳಿ ಬೀಳುತ್ತದೆ, ಬ್ರೇಕ್ ಹಾಕಿ ಜಾರಿದರೆ ಗಾಲಿಯ ಮೈ ಚಪ್ಪಟೆಯಾಗುತ್ತದೆ. ಕನಿಷ್ಠ ಅರ್ಧದಷ್ಟು ಗಾಲಿಗಳಿಗಾದರೂ ಡ್ರೈವ್ ಇರಲಿ. ಬಿರುಗಾಳಿಗೆ ಗಾಲಿಯ ಬ್ರೇಕನ್ನು ನಂಬಬೇಡಿ, ಹಳಿ ಹಿಡಿಯುವ ಕ್ಲಾಂಪ್ ಮತ್ತು ನೆಲಕ್ಕೆ ಬಿಗಿಯುವ ಪಿನ್ ಬೇರೆಯೇ ಬೇಕು. ಬೇರಿಂಗಿಗೆ ಧೂಳು, ನೀರು ಒಳಹೋಗದಂತೆ ತಿರುವುಗಳಿರುವ ಲಬಿರಿಂತ್ ಸೀಲ್ ಹಾಕಿಸಿ, ಹೊಸ ಗ್ರೀಸ್ ತುಂಬಿದಾಗ ಹಳೆಯದು ಹೊರಬರುವಂತೆ ದಾರಿ ಇರಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಹಳಿ ಸಿಆರ್ 80 ಅಲ್ಲ, ರೈಲ್ವೆಯ ಹಳೆಯ, ಮೀಟರಿಗೆ 52 ಕೆ.ಜಿ. ತೂಗುವ ಹಳಿ. ಸಂದಿಯಲ್ಲಿ ಸ್ಲರಿ ಫ್ಲಾಂಜಿನ ಮಟ್ಟಕ್ಕೇ ಬಂದಿದೆ, ನಾಳೆಯೇ ಕೀಳಿಸುತ್ತೇನೆ.

ಉತ್ತರ (ಪೀಣ್ಯ):
ಹಾಗಾದರೆ ನನ್ನ 630ನ್ನು ಬಿಟ್ಟುಬಿಡಿ. ಆ ಹಳಿಯ ತಲೆ 67 ಮಿ.ಮೀ., ಅಂಚಿನ ದುಂಡು 13, ಮೇಲ್ಮೈ ಉಬ್ಬಿದೆ. ಅಂಥ ಹಳಿಗೆ ದುಂಡಿನ 4/3 ಪಾಲು ಕಳೆಯಬೇಕು, ಉಳಿಯುವುದು 50. ಈಗಿನ 500ರ ಗಾಲಿಗೆ ಒತ್ತಡ 9.6, ಚಕ್ಕೆ ಏಳದೆ ಇನ್ನೇನಾದೀತು? 630ಕ್ಕೂ 7.6 ಬರುತ್ತದೆ, ಮಿತಿ ಮೀರಿತು. 710ರ ಗಾಲಿ ಕೂರಲು ಕಾಲಿನ ಕೆಳಗೆ ಜಾಗವಿದ್ದರೆ 6.8. ಜಾಗವಿಲ್ಲದಿದ್ದರೆ ಪ್ರತಿ ಮೂಲೆಗೆ ಎರಡು ಗಾಲಿಯ ಬೋಗಿ (ನಡುವಿನ ಪಿನ್ನಿನ ಮೇಲೆ ತೂಗಾಡುವ ಚೌಕಟ್ಟು) ಮಾಡಿಸಿ: ಭಾರ ಅರ್ಧವಾಗಿ 400ರ ಗಾಲಿಯೇ ಸಾಕಾಗುತ್ತದೆ, ಇಳಕಲ್ಲಿನವರು ಹೇಳಿದ ನೆಲದ ಕುಸಿತವನ್ನೂ ಬೋಗಿ ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ನಾನಾಗಿದ್ದರೆ ಬೋಗಿಯನ್ನೇ ಆರಿಸುತ್ತಿದ್ದೆ. ಕ್ರೇನಿನ ತೂಕದ ಅಂಕಿ ಕಳುಹಿಸಿದರೆ ಪಕ್ಕಾ ಲೆಕ್ಕ ಮಾಡಿಕೊಡುತ್ತೇನೆ.